ಹಂಬಕರ್ ಬದಲಿಸುವ ಮೊದಲು: ಗಿಟಾರಿನ ಆವಾಜಿನಲ್ಲಿ ದೋಷ ಹುಡುಕುವ ಕ್ರಮ

“ಆವಾಜ್ ಮಬ್ಬಾಗ್ಯದ ರೀ, ಯಾವ ಪಿಕಪ್ ಹಾಕಸ್ಲಿ?” ಕಲಬುರಗಿ, ಬೀದರ್, ಯಾದಗಿರಿ ಕಡೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರು ರಿಪೇರಿಗೆ ಬಂದಾಗ ಕೇಳುವ ಮಾತು ಸಾಮಾನ್ಯವಾಗಿ ಇದೇ. ತಂತಿಯ ಅಲುಗಾಟವನ್ನು ವಿದ್ಯುತ್ ಸಿಗ್ನಲ್ ಮಾಡುವ ಪಿಕಪ್ಪೇ ಸರಿಯಿಲ್ಲ ಎಂದು ಅವರು ಆಗಲೇ ತೀರ್ಮಾನಿಸಿರುತ್ತಾರೆ. ಆದರೆ ಹಂಬಕರ್, ಅಂದರೆ ತಾಮ್ರದ ವೈರ್ ಸುತ್ತಿದ ಎರಡು ಕಾಯಿಲಿನ ಪಿಕಪ್, ಕೆಡುವುದು ಅಪರೂಪ. ಅದರ ಎತ್ತರ, ಅದಕ್ಕೆ ಹಚ್ಚಿದ ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ), ಸೋಲ್ಡರ್, ಕೇಬಲ್, ಮನೆಯ ಅರ್ಥಿಂಗ್, ಇವು ಕೆಡುವುದು ದಿನನಿತ್ಯದ ಮಾತು. ಒಳ್ಳೆಯ ಹಂಬಕರ್ ನಮ್ಮ ಊರುಗಳಲ್ಲಿ ಕೈಗೆ ಸಿಗುವುದು ಕಷ್ಟ. ಹೈದರಾಬಾದಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕು, ವೈರಿಗೆ ಒಮ್ಮೆ ಸೋಲ್ಡರ್ ತಾಗಿದ ಮೇಲೆ ವಾಪಸ್ ತಗೊಳ್ಳುವ ಅಂಗಡಿ ಸಿಗುವುದಿಲ್ಲ. ಆದ್ದರಿಂದ ದುಡ್ಡು ಹಾಕುವ ಮೊದಲು ಈ ಕ್ರಮದಲ್ಲಿ ತಪಾಸಣೆ ಮಾಡಿ. ಪಿಕಪ್ ನಿಜವಾಗಿಯೂ ನಿಮ್ಮ ಸಂಗೀತಕ್ಕೆ ಹೊಂದದಿದ್ದರೆ ಅದೂ ಇದರಲ್ಲೇ ಗೊತ್ತಾಗುತ್ತದೆ, ಯಾವುದು ಹೊಂದೀತು ಎಂಬುದೂ ಗೊತ್ತಾಗುತ್ತದೆ.

ಬೇಕಾಗುವ ಸಾಮಾನು: ಡಿಜಿಟಲ್ ಮಲ್ಟಿಮೀಟರ್, ಅರ್ಧ ಮಿಲಿಮೀಟರ್ ಗುರುತಿರುವ ಸ್ಟೀಲ್ ಸ್ಕೇಲ್, ಎರಡು ಬಗೆಯ ಸ್ಕ್ರೂಡ್ರೈವರ್, 40ರಿಂದ 60 ವ್ಯಾಟಿನ ಸೋಲ್ಡರಿಂಗ್ ಐರನ್, 60/40 ರೋಸಿನ್ ಕೋರ್ ಸೋಲ್ಡರ್, ಕಾಂಟ್ಯಾಕ್ಟ್ ಕ್ಲೀನರ್. 25 ವ್ಯಾಟಿನ ಐರನ್ ಸಣ್ಣ ಜಾಯಿಂಟಿಗೆ ಸಾಕು, ಪಾಟಿನ ಬೆನ್ನಿಗೆ ಸಾಲದು. ಕಾವು ಏರಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಪಾಟಿನ ಒಳಗಿನ ಕಾರ್ಬನ್ ಪಟ್ಟಿ ಕಾದು ಹಾಳಾಗುತ್ತದೆ, ಸೋಲ್ಡರ್ ಮಾತ್ರ ಮಂಕಾಗಿ ಗುಂಡಗೆ ಕೂತಿರುತ್ತದೆ. ಇಂಥ ಡ್ರೈ ಸೋಲ್ಡರ್ ಕಂಡರೆ ಬೇರೆ ಏನನ್ನೂ ನೋಡುವ ಮೊದಲು ಅದನ್ನು ಮತ್ತೆ ಕರಗಿಸಿ ಸರಿಮಾಡಿ.

ಹಂಬಕರ್ ಒಳಗೆ

ಒಂದು ಅಯಸ್ಕಾಂತ ಪಟ್ಟಿ, ಅದರ ಎರಡೂ ಬದಿಗೆ ಒಂದೊಂದು ಕಾಯಿಲ್. ಒಂದು ಕಾಯಿಲಿನ ಪೋಲ್‌ಗಳು (ತಂತಿಗಳ ಕೆಳಗಿನ ಲೋಹದ ಮೊಳೆಗಳು) ಉತ್ತರ ಧ್ರುವ, ಇನ್ನೊಂದರವು ದಕ್ಷಿಣ. ಎರಡರ ವೈರ್ ಜೋಡಣೆಯ ದಿಕ್ಕೂ ಉಲ್ಟಾ. ಹೀಗಾಗಿ ತಂತಿಯ ಸಿಗ್ನಲ್ ಎರಡು ಕಾಯಿಲಿನಲ್ಲೂ ಕೂಡುತ್ತದೆ. ಕರೆಂಟಿನ ವೈರು, ಟ್ರಾನ್ಸ್‌ಫಾರ್ಮರುಗಳಿಂದ ಬರುವ 50 ಹರ್ಟ್ಸ್ ಗುಯ್ ಶಬ್ದ ಎರಡರಲ್ಲಿ ವಿರುದ್ಧವಾಗಿ ಹುಟ್ಟಿ ಅಳಿಸಿಹೋಗುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, ಅದು ಮಂಜೂರಾದದ್ದು 1959ರಲ್ಲಿ. ಆ ಕಾಲದ ಪಿಕಪ್ಪಿನ ಬೆನ್ನಿಗೆ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಇರುತ್ತಿತ್ತು. ಇವತ್ತು ‘ಪಿಎಎಫ್ ತರಹದ್ದು’ ಎಂದು ಮಾರುವುದು ಆ ಮಾದರಿಯನ್ನೇ: ಅಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತ, ಸುಮಾರು 7ರಿಂದ 9 ಕಿಲೋ ಓಮ್, ಮಿತವಾದ ಜೋರು.

ಇದರಲ್ಲಿ ನೆನಪಿಡಬೇಕಾದ್ದು ಒಂದೇ. ಎರಡು ಕಾಯಿಲ್‌ಗಳಲ್ಲಿ ಒಂದು ಸತ್ತರೂ, ಒಂದರ ವೈರ್ ತಪ್ಪು ದಿಕ್ಕಿಗೆ ಕೂಡಿದರೂ, ಆವಾಜ್ ನಿಲ್ಲುವುದಿಲ್ಲ. ಕೆಟ್ಟದಾಗಿ ಬರುತ್ತದೆ ಅಷ್ಟೆ. ಅದಕ್ಕೇ ಜನ ಅದನ್ನು ‘ಪಿಕಪ್ ಚಲೋ ಇಲ್ಲ’ ಎಂದುಕೊಂಡು ವರ್ಷಗಟ್ಟಲೆ ನುಡಿಸುತ್ತಾರೆ.

ಮೊದಲ ತಪಾಸಣೆ: ಗಿಟಾರ್ ಬಿಚ್ಚದೆ ಮೀಟರ್ ಹಿಡಿಯುವುದು

ಗಿಟಾರಿಗೆ ಕೇಬಲ್ ಹಾಕಿ, ಆ್ಯಂಪ್ ಕಡೆಯ ತುದಿಯನ್ನು ಖಾಲಿ ಬಿಡಿ. ವಾಲ್ಯೂಮ್, ಟೋನ್ ಎರಡೂ ಪೂರ್ತಿ 10ಕ್ಕೆ ತಿರುಗಿಸಿ. ಮೀಟರನ್ನು 20 ಕಿಲೋ ಓಮ್ ರೇಂಜಿಗೆ ಇಟ್ಟು, ಒಂದು ಪ್ರೋಬ್ ಪ್ಲಗ್ಗಿನ ಮೊನೆಗೆ, ಇನ್ನೊಂದು ಅದರ ಉದ್ದನೆಯ ಭಾಗಕ್ಕೆ ಹಿಡಿಯಿರಿ. ಸೆಲೆಕ್ಟರ್ ಸ್ವಿಚ್ಚನ್ನು ಒಂದೊಂದೇ ಸ್ಥಾನಕ್ಕೆ ಸರಿಸಿ ಓದನ್ನು ಬರೆದುಕೊಳ್ಳಿ. ಬೆರಳು ಪ್ರೋಬಿನ ಲೋಹಕ್ಕೆ ತಾಗಬಾರದು.

ಈ ಓದಿನಲ್ಲಿ ಪಾಟ್ ಕೂಡ ಸೇರಿರುತ್ತದೆ. 8 ಕಿಲೋ ಓಮಿನ ಪಿಕಪ್ಪಿಗೆ 500 ಕಿಲೋ ಓಮಿನ ವಾಲ್ಯೂಮ್ ಪಾಟ್ ಇದ್ದರೆ 7.87 ಬರುತ್ತದೆ, ಅದು ಸರಿಯೇ. ಬೇಸಿಗೆಯಲ್ಲಿ ಇನ್ನೊಂದು ಲೆಕ್ಕ ಹಿಡಿಯಬೇಕು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 25 ಡಿಗ್ರಿಯಲ್ಲಿ 8.00 ತೋರಿಸುವ ಪಿಕಪ್, ಕಲಬುರಗಿಯ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿಯ ಕೋಣೆಯಲ್ಲಿ 8.47 ತೋರಿಸುತ್ತದೆ. ಡಬ್ಬಿಯ ಮೇಲೆ ಬರೆದದ್ದಕ್ಕೂ ಮೀಟರಿಗೂ ಇಷ್ಟು ಫರಕ್ ಕಂಡರೆ ನಕಲಿ ಮಾಲು ಎಂದು ಜಗಳ ತೆಗೆಯಬೇಡಿ. ಬೆಳಿಗ್ಗೆ ತಂಪಿನಲ್ಲಿ ಮತ್ತೆ ಅಳೆಯಿರಿ.

ಓದಿನ ಅರ್ಥ ಹೀಗೆ. 7ರಿಂದ 9 ಬಂದರೆ ಪಿಎಎಫ್ ಬಗೆಯ ಪಿಕಪ್, ಆರೋಗ್ಯವಾಗಿದೆ. 12ರಿಂದ 17 ಬಂದರೆ ಜೋರಿನ ಪಿಕಪ್, ಅದೂ ಸರಿ. ಎರಡೂ ಪಿಕಪ್ ಕೂಡಿದ ನಡುವಿನ ಸ್ಥಾನದಲ್ಲಿ ಓದು ಸುಮಾರು ಅರ್ಧಕ್ಕೆ ಇಳಿಯಬೇಕು. ಒಂದೇ ಪಿಕಪ್ಪಿನ ಸ್ಥಾನದಲ್ಲಿ ಇರಬೇಕಾದ್ದರ ಅರ್ಧ, ಅಂದರೆ 8ರ ಪಿಕಪ್ಪಿಗೆ 4ರ ಆಸುಪಾಸು ಬಂದರೆ ಒಂದು ಕಾಯಿಲ್ ಮಾತ್ರ ಕೆಲಸ ಮಾಡುತ್ತಿದೆ: ಒಂದು ಕಾಯಿಲನ್ನು ಬಿಟ್ಟುಬಿಡುವ ಕಾಯಿಲ್ ಸ್ಪ್ಲಿಟ್ ಸ್ವಿಚ್ ಸಿಕ್ಕಿಕೊಂಡಿದೆ, ಇಲ್ಲವೇ ಎರಡು ಕಾಯಿಲಿನ ನಡುವಿನ ಜಾಯಿಂಟ್ ಎಲ್ಲೋ ಗ್ರೌಂಡಿಗೆ ತಾಗಿದೆ. ಕಾಲುಭಾಗ, ಅಂದರೆ 2ರ ಹತ್ತಿರ ಬಂದರೆ ಕಾಯಿಲ್‌ಗಳನ್ನು ಒಂದರ ಮುಂದೊಂದಲ್ಲದೆ ಪಕ್ಕಪಕ್ಕಕ್ಕೆ (ಪ್ಯಾರಲಲ್) ಜೋಡಿಸಿದ್ದಾರೆ, ಅದು ದೋಷವಲ್ಲ. ಸೊನ್ನೆ ಬಂದರೆ ಶಾರ್ಟ್. ಮೊದಲು ಜ್ಯಾಕ್ ಬಿಚ್ಚಿ ನೋಡಿ.

ತುಂಬ ಮೋಸ ಮಾಡುವ ಓದು ಇನ್ನೊಂದಿದೆ. 20 ಕಿಲೋ ರೇಂಜಿನಲ್ಲಿ ಮೀಟರ್ ಏನೂ ತೋರಿಸದೆ, 2 ಮೆಗಾ ಓಮ್ ರೇಂಜಿಗೆ ಹಾಕಿದಾಗ 250 ಅಥವಾ 500 ಕಿಲೋ ಹತ್ತಿರ ತೋರಿಸಿದರೆ, ನೀವು ಓದುತ್ತಿರುವುದು ಪಾಟನ್ನು ಮಾತ್ರ. ಕಾಯಿಲ್ ಒಳಗೆ ಕಡಿದಿದೆ. ಹೀಗಿದ್ದರೂ ಕಾಯಿಲಿನ ಸುತ್ತುಗಳ ನಡುವಿನ ಕೆಪ್ಯಾಸಿಟೆನ್ಸ್‌ನಿಂದ ತೆಳ್ಳನೆಯ ಕೀಚಲು ದನಿ ಬರುತ್ತಿರುತ್ತದೆ, ‘ಬರ್ತದಲ್ಲ, ಹಂಗಾದ್ರ ಕಾಯಿಲ್ ಚಲೋನೇ ಅದ’ ಅನಿಸುತ್ತದೆ. ಇಂಥ ಪಿಕಪ್ಪಿನ ಅಡಿಯಲ್ಲಿ ಹೊರಗಿನ ವೈರ್ ಮತ್ತು ಕೂದಲಿನಷ್ಟು ಸಣ್ಣ ತಾಮ್ರದ ವೈರ್ ಸೇರುವ ಜಾಗ ನೋಡಿ. ಬೆವರು, ತೇವದಿಂದ ಅಲ್ಲಿ ಹಸಿರು ಕಿಲುಬು ಹಿಡಿದು ಕಡಿದಿದ್ದರೆ ಮತ್ತೆ ಜೋಡಿಸಬಹುದು. ಒಳಸುತ್ತಿನಲ್ಲಿ ಕಡಿದಿದ್ದರೆ ಹೊಸದಾಗಿ ಸುತ್ತಿಸಬೇಕು.

ಆವಾಜ್ ಮಬ್ಬು, ಕೆಳದನಿ ಗೊಜಗೊಜ

ಹೆಚ್ಚಿನ ದೂರು ಇದೇ, ಅದೂ ನೆಕ್ ಪಿಕಪ್ಪಿನಲ್ಲಿ, ಅಂದರೆ ಗಿಟಾರಿನ ಕುತ್ತಿಗೆ ಕಡೆಯದರಲ್ಲಿ. ತಂತಿಯಿಂದ ಶುರುಮಾಡಿ. ಬೆವರು, ಧೂಳು ಮೆತ್ತಿದ ತಂತಿಯಲ್ಲಿ ಮೇಲ್ದನಿ ಮೊದಲೇ ಸತ್ತಿರುತ್ತದೆ. ಹಳೆಯ ತಂತಿಯ ಮೇಲೆ ಪಿಕಪ್ ಬಗ್ಗೆ ತೀರ್ಪು ಕೊಡಬೇಡಿ.

ಆಮೇಲೆ ಎತ್ತರ. ಒಂದನೇ (ಎಲ್ಲಕ್ಕಿಂತ ತೆಳ್ಳನೆಯ) ತಂತಿಯನ್ನು ಕಟ್ಟಕಡೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದು, ತಂತಿಯ ತಳದಿಂದ ಪೋಲ್ ತುದಿಯವರೆಗೆ ಅಳೆಯಿರಿ. ಆರನೇ ತಂತಿಗೂ ಹೀಗೇ. ಬ್ರಿಡ್ಜ್ (ಬುಡದಲ್ಲಿ ತಂತಿ ಕೂರುವ ಪಟ್ಟಿ) ಕಡೆಯ ಪಿಕಪ್ಪಿಗೆ 1.6 ಮಿ.ಮೀ., ನೆಕ್ ಪಿಕಪ್ಪಿಗೆ 2.4 ಮಿ.ಮೀ. ಆರಂಭದ ಅಳತೆ. ನೆಕ್ ಕಡೆ ತಂತಿ ಅಗಲವಾಗಿ ಅಲುಗುತ್ತದೆ, ಅಲ್ಲಿ ದನಿ ತಾನಾಗಿ ಜೋರು, ದಪ್ಪ. ಮಬ್ಬು ಇದ್ದರೆ ನೆಕ್ ಪಿಕಪ್ಪಿನ ಆರನೇ ತಂತಿ ಬದಿಯನ್ನು 3ರಿಂದ 3.5 ಮಿ.ಮೀ.ಗೆ ಇಳಿಸಿ, ಒಂದನೇ ತಂತಿ ಬದಿ 2.4ರಲ್ಲೇ ಇರಲಿ. ಇಷ್ಟಕ್ಕೇ ಅರ್ಧ ದೂರುಗಳು ಮುಗಿಯುತ್ತವೆ. ಪಿಕಪ್ಪನ್ನು ಏರಿಸಿದಷ್ಟೂ ಚಲೋ ಎನ್ನುವುದು ತಪ್ಪು ತಿಳಿವಳಿಕೆ. ತೀರಾ ಹತ್ತಿರವಾದರೆ ಅಯಸ್ಕಾಂತ ತಂತಿಯನ್ನೇ ಎಳೆದು, ನಾದ ಬೇಗ ಸಾಯುತ್ತದೆ.

ಇನ್ನೂ ಮಬ್ಬಿದ್ದರೆ ಹಿಂದಿನ ಮುಚ್ಚಳ ತೆಗೆದು ಪಾಟಿನ ಮೇಲಿನ ಅಂಕಿ ಓದಿ. ಹಂಬಕರಿಗೆ 500 ಕಿಲೋ ಓಮಿನ ಪಾಟ್ ಬೇಕು. ಸಿಂಗಲ್ ಕಾಯಿಲ್ ಗಿಟಾರಿಗೆ ಹಂಬಕರ್ ಹಾಕಿಸಿದವರಲ್ಲಿ ಹಳೆಯ 250 ಕಿಲೋ ಪಾಟ್ ಹಾಗೇ ಉಳಿದಿರುತ್ತದೆ, ಅದು ಮೇಲ್ದನಿಯ ಮೊನಚನ್ನು ತಿಂದುಹಾಕುತ್ತದೆ. ಪಾಟಿನ ಮೇಲೆ ಬರೆದದ್ದನ್ನೂ ಪೂರ್ತಿ ನಂಬಬೇಡಿ. 20 ಶೇಕಡಾ ಹೆಚ್ಚುಕಮ್ಮಿ ಮಾಮೂಲು, 500 ಎಂದು ಬರೆದದ್ದು 400 ಇರಬಹುದು. ಒಂದು ಕಾಲು ಬಿಚ್ಚಿ ಅಳೆದು, 500ಕ್ಕೆ ಹತ್ತಿರದ್ದನ್ನು ವಾಲ್ಯೂಮಿಗೆ ಇಡಿ. ‘ಬಿ500ಕೆ’ ಎಂದಿದ್ದರೆ ಲೀನಿಯರ್ ಪಾಟ್: 10ರಿಂದ 3ರವರೆಗೆ ಏನೂ ಇಳಿದಂತೆ ಅನಿಸದು, ಆಮೇಲೆ ಒಮ್ಮೆಲೇ ಸಾಯುತ್ತದೆ. ವಾಲ್ಯೂಮಿಗೆ ‘ಎ500ಕೆ’ ಹಾಕಿ. ಟೋನಿಗೆ 0.022 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸಾಕು. ವಾಲ್ಯೂಮ್ ಇಳಿಸಿದಾಗ ಮಾತ್ರ ಮಬ್ಬಾಗುವುದಾದರೆ ವಾಲ್ಯೂಮ್ ಪಾಟಿನ ಒಳಬರುವ ಕಾಲಿಗೂ ನಡುವಿನ ಕಾಲಿಗೂ ಮಧ್ಯೆ 0.001 ಮೈಕ್ರೋಫ್ಯಾರಡ್ ಮತ್ತು 150 ಕಿಲೋ ಓಮ್ ರೆಸಿಸ್ಟರನ್ನು ಪ್ಯಾರಲಲ್ ಆಗಿ ಹಚ್ಚಿ. ಇವೆಲ್ಲ ಚಿಲ್ಲರೆ ಖರ್ಚಿನ ಸಾಮಾನು, ಟಿ.ವಿ. ರಿಪೇರಿ ಅಂಗಡಿಯಲ್ಲೂ ಸಿಗುತ್ತವೆ. ಪಾಟ್ ಮಾತ್ರ ಗಿಟಾರಿನ ತೂತಿಗೆ, ನಾಬಿಗೆ ಹೊಂದುವುದನ್ನು ನೋಡಿ ತರಬೇಕು.

ಈಗ ಕೇಬಲ್. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದ್ದರಿಂದ ಜರಾ ವಿವರವಾಗಿ ಹೇಳಬೇಕು. ಪಿಕಪ್ಪಿನ ಇಂಡಕ್ಟೆನ್ಸ್ ಮತ್ತು ಕೇಬಲಿನ ಕೆಪ್ಯಾಸಿಟೆನ್ಸ್ ಸೇರಿ ಒಂದು ಫ್ರೀಕ್ವೆನ್ಸಿಯಲ್ಲಿ ದನಿಯನ್ನು ಎತ್ತಿ, ಅದರಾಚೆಗೆ ಕತ್ತರಿಸುತ್ತವೆ. ಗಿಟಾರ್ ಕೇಬಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಹಿಡಿಯಿರಿ. 4.5 ಹೆನ್ರಿಯ ಪಿಎಎಫ್ ಬಗೆಯ ಪಿಕಪ್ಪಿಗೆ 5 ಮೀಟರ್ ಕೇಬಲ್ ಹಾಕಿದರೆ ಆ ಶಿಖರ ಸುಮಾರು 3,350 ಹರ್ಟ್ಸ್. 8 ಹೆನ್ರಿಯ ಜೋರಿನ ಪಿಕಪ್ಪಿಗೆ ಅದೇ ಕೇಬಲ್ ಹಾಕಿದರೆ 2,500. ಈಗ ಮೊದಲಿನ ಪಿಎಎಫ್ ಪಿಕಪ್ಪಿಗೇ 10 ಮೀಟರ್ ಕೇಬಲ್ ಹಾಕಿ: 2,370. ಅಂದರೆ ಮಂಟಪದಲ್ಲಿ ದೂರದ ಆ್ಯಂಪಿಗೆ ಎಟುಕಲಿ ಎಂದು ಉದ್ದನೆಯ ಕೇಬಲ್ ಎಳೆದವರು, ತೆಳು ದನಿಯ ಪಿಕಪ್ಪನ್ನು ಜೋರಿನ ಪಿಕಪ್ಪಿಗಿಂತ ಮಬ್ಬು ಮಾಡಿಕೊಂಡಿರುತ್ತಾರೆ. ಪಿಕಪ್ ಬದಲಿಸುವ ಮೊದಲು 3 ಮೀಟರ್ ಕೇಬಲಿನಲ್ಲಿ ನೇರ ಆ್ಯಂಪಿಗೆ ಹಾಕಿ ಕೇಳಿ. ದನಿ ತೆರೆದುಕೊಂಡರೆ, ಉದ್ದ ಕೇಬಲ್ ಬೇಕೇಬೇಕಾದಾಗ ಗಿಟಾರಿನ ಹತ್ತಿರವೇ ಒಂದು ಬಫರ್ ಪೆಡಲ್ (ಕೇಬಲ್ ದನಿಯನ್ನು ತಿನ್ನದಂತೆ ತಡೆಯುವುದು) ಇಡಿ.

ಕೊನೆಯದಾಗಿ ಲೋಹದ ಕವರ್. ಒಳ್ಳೆಯ ಕವರ್ ಜರ್ಮನ್ ಸಿಲ್ವರಿನದು. ಅಗ್ಗದ ಪಿಕಪ್ಪಿಗೆ ಹಿತ್ತಾಳೆ ಕವರಿನ ಮೇಲೆ ಕ್ರೋಮ್ ಏರಿಸಿರುತ್ತಾರೆ. ಹಿತ್ತಾಳೆಯಲ್ಲಿ ವಿದ್ಯುತ್ ಸುಳಿಗಳು ಹುಟ್ಟಿ ಮೇಲ್ದನಿ ಕುಗ್ಗುತ್ತದೆ.

ಆವಾಜ್ ತೆಳು, ಮೂಗಿನಲ್ಲಿ ಹಾಡಿದಂತೆ

ಎರಡೂ ಪಿಕಪ್ ಕೂಡಿಸಿದಾಗ ಮಾತ್ರ ಹೀಗಾಗುತ್ತದೆಯೋ, ಒಂದೇ ಪಿಕಪ್ಪಿನಲ್ಲೂ ಆಗುತ್ತದೆಯೋ? ಉತ್ತರ ಇದರಲ್ಲೇ ಇದೆ.

ಕೂಡಿಸಿದಾಗ ಮಾತ್ರ ಆದರೆ ಎರಡು ಪಿಕಪ್‌ಗಳ ಫೇಸ್ ವಿರುದ್ಧವಾಗಿದೆ, ಅಂದರೆ ಒಂದರ ಸಿಗ್ನಲ್ ಇನ್ನೊಂದರದನ್ನು ಕಳೆಯುತ್ತಿದೆ. ಬೇರೆ ಬೇರೆ ಕಂಪನಿಯ ಪಿಕಪ್ ಸೇರಿಸಿದಾಗ ಇದು ಸಾಮಾನ್ಯ. ಪರೀಕ್ಷೆ ಸುಲಭ: ಮೀಟರನ್ನು 20 ಕಿಲೋ ಓಮಿಗೆ ಹಾಕಿ ಕೇಬಲ್ ತುದಿಗೆ ಹಿಡಿಯಿರಿ, ಬ್ರಿಡ್ಜ್ ಪಿಕಪ್ ಆಯ್ಕೆ ಮಾಡಿ, ಸ್ಕ್ರೂಡ್ರೈವರಿನ ಚಪ್ಪಟೆ ಅಲಗನ್ನು ಎರಡೂ ಸಾಲಿನ ಪೋಲ್‌ಗಳ ಮೇಲೆ ಅಡ್ಡ ಇಟ್ಟು ಫಟ್ಟನೆ ಮೇಲೆತ್ತಿ. ಅಂಕಿ ಕ್ಷಣಕಾಲ ಮೇಲೋ ಕೆಳಗೋ ಹಾರುತ್ತದೆ. ನೆಕ್ ಪಿಕಪ್ಪಿಗೂ ಹೀಗೇ ಮಾಡಿ. ಎರಡೂ ಒಂದೇ ಕಡೆ ಹಾರಬೇಕು. ವಿರುದ್ಧ ಹಾರಿದರೆ, ನಾಲ್ಕು ವೈರಿನ ಪಿಕಪ್ಪಿನಲ್ಲಿ ಹಾಟ್ (ಸಿಗ್ನಲ್ ಒಯ್ಯುವ) ವೈರ್ ಮತ್ತು ಗ್ರೌಂಡಿಗೆ ಹೋಗುವ ಬಣ್ಣದ ವೈರನ್ನು ಅದಲುಬದಲು ಮಾಡಿ; ಬರಿಯ ಶೀಲ್ಡ್ ವೈರ್ ಗ್ರೌಂಡಿನಲ್ಲೇ ಇರಲಿ. ಹಳೆಯ ಬಗೆಯ ಹೆಣೆದ ಲೋಹದ ಹೊದಿಕೆಯ ವೈರಿದ್ದರೆ ಹೀಗೆ ಬದಲಿಸುವಂತಿಲ್ಲ, ಆ ಹೊದಿಕೆಯೇ ಕವರಿಗೂ ಗ್ರೌಂಡ್. ಅಲ್ಲಿ ಅಡಿಯ ನಾಲ್ಕು ಸ್ಕ್ರೂ ಸಡಿಲಿಸಿ, ಅಯಸ್ಕಾಂತ ಪಟ್ಟಿಯನ್ನು ಮೆಲ್ಲಗೆ ಜಾರಿಸಿ ತೆಗೆದು, ಧ್ರುವ ಅದಲುಬದಲಾಗುವಂತೆ ಮಗುಚಿ ಹಾಕಬೇಕು.

ಒಂದೇ ಪಿಕಪ್ಪಿನಲ್ಲೂ ತೆಳು, ಅದರ ಜೊತೆಗೆ ಗುಯ್ ಶಬ್ದವೂ ಹೆಚ್ಚು, ಮೀಟರ್ ಓದು ಮಾತ್ರ ಬರೋಬ್ಬರಿ: ಹೀಗಿದ್ದರೆ ಪಿಕಪ್ಪಿನ ಒಳಗಿನ ಎರಡು ಕಾಯಿಲ್‌ಗಳೇ ಪರಸ್ಪರ ತಪ್ಪು ದಿಕ್ಕಿಗೆ ಜೋಡಣೆಯಾಗಿವೆ. ಸಿಗ್ನಲ್ ಕಳೆಯುತ್ತಿದೆ, ಗುಯ್ ಕೂಡುತ್ತಿದೆ. ಕಾರಣ ಬಣ್ಣದ ಗೊಂದಲ. ಸೀಮೋರ್ ಡಂಕನ್ ಕಂಪನಿಯ ಪಿಕಪ್ಪಿನಲ್ಲಿ ಕಪ್ಪು ಹಾಟ್, ಬಿಳಿ ಮತ್ತು ಕೆಂಪು ಒಟ್ಟಿಗೆ, ಹಸಿರು ಮತ್ತು ಬರಿಯ ವೈರ್ ಗ್ರೌಂಡಿಗೆ. ಡಿಮಾರ್ಜಿಯೋ ಕಂಪನಿಯದರಲ್ಲಿ ಕೆಂಪು ಹಾಟ್, ಕಪ್ಪು ಮತ್ತು ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿಯ ವೈರ್ ಗ್ರೌಂಡಿಗೆ. ಒಂದರ ನಕ್ಷೆ ನೋಡಿ ಇನ್ನೊಂದನ್ನು ಹಚ್ಚಿದರೆ ಕೆಡುವುದು ಖಂಡಿತ. ಹೆಸರಿಲ್ಲದ ಪಿಕಪ್ಪಿಗೆ ಬಣ್ಣವನ್ನು ನಂಬಲೇಬೇಡಿ. ನಾಲ್ಕು ವೈರಿನಲ್ಲಿ ಯಾವ ಎರಡರ ನಡುವೆ ಓದು ಬರುತ್ತದೆ ಎಂದು ನೋಡಿ ಎರಡು ಜೋಡಿ ಗುರುತಿಸಿ. ಸ್ಕ್ರೂಡ್ರೈವರ್ ಎತ್ತುವ ಪರೀಕ್ಷೆಯನ್ನು ಒಂದೊಂದೇ ಕಾಯಿಲಿನ ಮೇಲೆ ಮಾಡಿ, ಎರಡೂ ಒಂದೇ ಕಡೆ ಹಾರುವಂತೆ ಕೆಂಪು ಪ್ರೋಬ್ ಹಿಡಿದ ವೈರುಗಳನ್ನು ಗುರುತು ಹಾಕಿ. ಆಮೇಲೆ ಒಂದು ಕಾಯಿಲಿನ ಗುರುತಿಲ್ಲದ ವೈರನ್ನು ಇನ್ನೊಂದರ ಗುರುತಿನ ವೈರಿಗೆ ಸೇರಿಸಿ.

ಗುಯ್ ಶಬ್ದ: ಪಿಕಪ್ಪಿನದೋ, ಕರೆಂಟಿನದೋ

“ಹಂಬಕರ್ ಹಾಕಿಸಿದ್ರೂ ಗುಯ್ ಅಂತಾನೇ ಅದ” ಎಂದಾಗ ಗಿಟಾರನ್ನು ಬಿಚ್ಚುವ ಮೊದಲು ಅದರ ವಾಲ್ಯೂಮನ್ನು ಸೊನ್ನೆಗೆ ತಿರುಗಿಸಿ. ಆಗಲೂ ಗುಯ್ ಉಳಿದರೆ ಅದು ಪಿಕಪ್ಪಿನದಲ್ಲ. ಕೇಬಲ್, ಜ್ಯಾಕ್, ಆ್ಯಂಪ್ ಅಥವಾ ಕರೆಂಟಿನದು. ಸೊನ್ನೆಯಲ್ಲಿ ನಿಂತು, ಏರಿಸಿದಾಗ ಬಂದರೆ ಗಿಟಾರಿನ ಒಳಗೆ ನೋಡಬೇಕು. ವಾಲ್ಯೂಮ್ ಏರಿಸಿ, ಗಿಟಾರ್ ಹಿಡಿದು ನಿಂತಲ್ಲೇ ಸುತ್ತಿ. ದಿಕ್ಕು ಬದಲಾದಂತೆ ಗುಯ್ ಸ್ಪಷ್ಟವಾಗಿ ಏರಿಳಿದರೆ ಒಂದು ಕಾಯಿಲ್ ಮಾತ್ರ ನಡೆಯುತ್ತಿದೆ, ಮೀಟರ್ ಓದಿಗೆ ಹಿಂದಿರುಗಿ. ದಿಕ್ಕಿಗೆ ಸಂಬಂಧವಿಲ್ಲದೆ ಝರ್ರ್ ಎನ್ನುವ ಚೂಪು ಶಬ್ದವಾದರೆ ಅದು ವಿದ್ಯುತ್ ಕ್ಷೇತ್ರದ ಗದ್ದಲ. ಅದನ್ನು ಹಂಬಕರ್ ಅಳಿಸಲಾರದು, ಶೀಲ್ಡಿಂಗ್ ಮಾತ್ರ ತಡೆಯುತ್ತದೆ. ಪಾಟ್ ಕೂರುವ ಗುಂಡಿಗೆ ತಾಮ್ರದ ಹಾಳೆ ಅಂಟಿಸಿ, ಅದನ್ನು ಗ್ರೌಂಡಿಗೆ ಸೇರಿಸಿ. ತಂತಿ ಮುಟ್ಟಿದಾಗ ಶಬ್ದ ಇಳಿದರೆ ತಂತಿಯ ಗ್ರೌಂಡ್ ಸರಿಯಿದೆ. ಮುಟ್ಟಿದಾಗ ಏರಿದರೆ ಬ್ರಿಡ್ಜಿಗೆ ಹೋಗುವ ಗ್ರೌಂಡ್ ವೈರ್ ಕಡಿದಿದೆ, ಇಲ್ಲವೇ ಜ್ಯಾಕಿನಲ್ಲಿ ಹಾಟ್ ಮತ್ತು ಗ್ರೌಂಡ್ ಅದಲುಬದಲಾಗಿದೆ.

ನಮ್ಮ ಮನೆಗಳಲ್ಲಿ ಈ ಝರ್ರ್ ಶಬ್ದಕ್ಕೆ ಮುಖ್ಯ ಕಾರಣ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಫ್ಯಾನ್ 2 ಅಥವಾ 3ರಲ್ಲಿ ತಿರುಗುವಾಗ ಜೋರಾಗಿ ಬಂದು, ಪೂರ್ತಿ 5ಕ್ಕೆ ಹಾಕಿದಾಗ ಅಥವಾ ಆಫ್ ಮಾಡಿದಾಗ ಇಳಿದರೆ ಅನುಮಾನವೇ ಬೇಡ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬ್ ಕೂಡ ಹೀಗೆ ಮಾಡುತ್ತವೆ. ಕರೆಂಟ್ ಹೋದಾಗ ಮಾತ್ರ ಶುರುವಾದರೆ ಇನ್ವರ್ಟರ್ ಸ್ಕ್ವೇರ್ ವೇವ್ ಬಗೆಯದು. ಸೈನ್ ವೇವ್ ಇನ್ವರ್ಟರಿನಲ್ಲಿ ಈ ಕಾಟ ತೀರಾ ಕಡಿಮೆ.

ಅರ್ಥಿಂಗ್ ವಿಷಯ ಗಂಭೀರ. ಕಲಬುರಗಿ, ಯಾದಗಿರಿಯ ಎರೆ ಭೂಮಿ ಮಳೆಗಾಲದಲ್ಲಿ ಅರ್ಥಿಂಗ್ ಪೈಪನ್ನು ಬಿಗಿಯಾಗಿ ಹಿಡಿದಿರುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟು ಪೈಪಿನಿಂದ ಸರಿಯುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವುದೇ ಕಡಿಮೆ. ಹೀಗಾಗಿ ಜನವರಿಯಲ್ಲಿ ಇಲ್ಲದ ಗುಯ್ ಶಬ್ದ ಏಪ್ರಿಲಿನಲ್ಲಿ ಬರುತ್ತದೆ, ಆರೋಪ ಮಾತ್ರ ನಡುವೆ ಹಾಕಿಸಿದ ಪಿಕಪ್ಪಿನ ಮೇಲೆ ಬೀಳುತ್ತದೆ. ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಸಾಕೆಟ್ ಅಳೆಸಿ: ಫೇಸ್ ಮತ್ತು ಅರ್ಥ್ ನಡುವೆ, ಫೇಸ್ ಮತ್ತು ನ್ಯೂಟ್ರಲ್ ನಡುವಿನಷ್ಟೇ, 230 ವೋಲ್ಟಿನ ಆಸುಪಾಸು ಬರಬೇಕು; ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಹೆಚ್ಚು ಬಂದರೆ ದುರಸ್ತಿ ಬೇಕು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕಿಸಿ. ಇದ್ದಿಲು, ಉಪ್ಪು ತುಂಬಿದ ಗುಂಡಿಯಾದರೂ ಒಣಗಿದರೆ ಪ್ರಯೋಜನವಿಲ್ಲ.

ಗಣೇಶ ಮಂಟಪ, ಜಾತ್ರೆ, ಉರುಸಿನ ವೇದಿಕೆಗಳಲ್ಲಿ ಕರೆಂಟ್ ತಾತ್ಕಾಲಿಕ ವೈರಿನಿಂದಲೋ ಜನರೇಟರಿನಿಂದಲೋ ಬರುತ್ತದೆ, ಅರ್ಥ್ ಇಲ್ಲದಿರುವುದೇ ಹೆಚ್ಚು. ಗಿಟಾರ್ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಮ್ ಎಂದರೆ ಅಲ್ಲಿಗೇ ನಿಲ್ಲಿಸಿ. ಮೀಟರನ್ನು ಎಸಿ ವೋಲ್ಟಿಗೆ ಹಾಕಿ ಗಿಟಾರಿನ ತಂತಿಗೂ ಮೈಕಿನ ಜಾಲರಿಗೂ ಹಿಡಿದು ನೋಡಿ. ಕೆಲವು ವೋಲ್ಟಿಗಿಂತ ಹೆಚ್ಚಿದ್ದರೆ ಅದು ಸರಿಯಾಗುವವರೆಗೆ ನುಡಿಸಬೇಡಿ. ಆ್ಯಂಪ್ ಮತ್ತು ಮಿಕ್ಸರ್ ಎರಡನ್ನೂ ಒಂದೇ ಬೋರ್ಡಿನಿಂದ ಕೊಡಿ, ಕರೆಂಟ್ ಸೋರಿದೊಡನೆ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರಲಿ. ಗುಯ್ ನಿಲ್ಲಲಿ ಎಂದು ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು, ವೈರ್ ಬಿಚ್ಚುವುದು ಪ್ರಾಣಕ್ಕೆ ಸಂಚಕಾರ. ಇದನ್ನು ಯಾರು ಹೇಳಿದರೂ ಮಾಡಬೇಡಿ.

ಕಿರುಚಾಟ

ಆ್ಯಂಪಿನ ಗೇನ್ ಏರಿಸಿದಾಗ ಕಿರುಚಿದರೆ ಅಂಗೈಯಿಂದ ಎಲ್ಲ ತಂತಿ ಅದುಮಿ. ನಿಂತರೆ ಅದು ತಂತಿಯ ಫೀಡ್‌ಬ್ಯಾಕ್. ಆ್ಯಂಪಿನಿಂದ ದೂರ ಸರಿದರೆ ಸಾಕು. ನಿಲ್ಲದಿದ್ದರೆ ಪಿಕಪ್ಪೇ ಮೈಕಿನಂತೆ ಅದುರುತ್ತಿದೆ. ಪೆನ್ಸಿಲ್ಲಿನಿಂದ ಕವರ್ ತಟ್ಟಿ. ಟಕ್ ಟಕ್ ಜೋರಾಗಿ ಕೇಳಿದರೆ ಖಾತ್ರಿ. ಕಾಯಿಲ್ ಅಥವಾ ಕವರ್ ಸಡಿಲವಾಗಿದೆ, ಮೇಣದಲ್ಲಿ ಅದ್ದಬೇಕು. 80 ಭಾಗ ಪ್ಯಾರಾಫಿನ್, 20 ಭಾಗ ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60ರಿಂದ 65 ಡಿಗ್ರಿಯಲ್ಲಿ ಕರಗಿಸಿ, ಪಿಕಪ್ಪನ್ನು ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ. ಥರ್ಮಾಮೀಟರ್ ಇಲ್ಲದೆ ಕೈ ಹಾಕಬೇಡಿ: ಕಾವು ಮಿತಿಮೀರಿದರೆ ಕಾಯಿಲಿನ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುತ್ತದೆ. ನೇರ ಗ್ಯಾಸ್ ಒಲೆಯ ಮೇಲೆ ಮೇಣ ಇಟ್ಟರೆ ಹೊತ್ತಿಕೊಳ್ಳುತ್ತದೆ.

ಎಲ್ಲ ಸರಿಯಿದ್ದೂ ಹೊಂದದಿದ್ದರೆ

ಇಲ್ಲಿಯವರೆಗೆ ಎಲ್ಲ ತಪಾಸಣೆಯಲ್ಲೂ ಪಾಸಾಗಿ, ಆದರೂ ದನಿ ನಿಮ್ಮ ಹಾಡಿಗೆ ಕೂಡದಿದ್ದರೆ ಆಗ ಹೊಸ ಪಿಕಪ್ಪಿನ ಮಾತು. ಓಮ್ ನೋಡಿ ಆಯ್ಕೆ ಮಾಡಬೇಡಿ. ಸೀಮೋರ್ ಡಂಕನ್ ಕಂಪನಿಯ ಜೆಬಿ ಎಂಬ ಪಿಕಪ್ ಸುಮಾರು 16.4 ಕಿಲೋ, ಅಲ್ನಿಕೋ 5. 1972ರಲ್ಲಿ ಬಂದ ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್ ಸುಮಾರು 13.7, ಸೆರಾಮಿಕ್ ಅಯಸ್ಕಾಂತ. ಓಮ್ ಕಡಿಮೆ ಎಂದು ಎರಡನೆಯದು ಜೋರಿನಲ್ಲೇನೂ ಹಿಂದೆ ಬೀಳುವುದಿಲ್ಲ. ವೈರ್ ಸಣ್ಣದಾದರೆ ಅಷ್ಟೇ ಸುತ್ತುಗಳಿದ್ದರೂ ಓಮ್ ಏರುತ್ತದೆ, ದನಿಯಲ್ಲ. ಅಯಸ್ಕಾಂತ ಹೆಚ್ಚು ಹೇಳುತ್ತದೆ: ಅಲ್ನಿಕೋ 2 ಮೃದು, ಮೀಟಿನ ಹೊಡೆತ ದುಂಡು, ಅಲ್ನಿಕೋ 5 ಬಿಗಿ, ಕೆಳದನಿ ಮೇಲ್ದನಿ ಎರಡೂ ಚೊಕ್ಕ, ಸೆರಾಮಿಕ್ ಇನ್ನೂ ಬಿಗಿ, ಜೋರು, ಡಿಸ್ಟಾರ್ಷನ್‌ನಲ್ಲಿ ಪ್ರತಿ ಹೊಡೆತ ಬಿಡಿಬಿಡಿ.

ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ನುಡಿಸುವವರಿಗೆ ಒಂದೇ ಗಿಟಾರಿನಿಂದ ಹತ್ತು ದನಿ ಬೇಕು. ಅವರಿಗೆ 7.5ರಿಂದ 9 ಕಿಲೋ, ಅಲ್ನಿಕೋ 5, ನಾಲ್ಕು ವೈರಿನದ್ದೇ ಯೋಗ್ಯ. ಡಂಕನ್ನಿನ 59 ಈ ಬಗೆಯದು. ಜೊತೆಗೆ ಕಾಯಿಲ್ ಸ್ಪ್ಲಿಟ್ ಬದಲು ಸೀರೀಸ್–ಪ್ಯಾರಲಲ್ ಸ್ವಿಚ್ ಹಾಕಿಸಿ. ಸ್ಪ್ಲಿಟ್ ಮಾಡಿದರೆ ಒಂದೇ ಕಾಯಿಲ್ ಉಳಿದು, ವೇದಿಕೆಯ ಡಿಮ್ಮರ್ ಲೈಟುಗಳ ನಡುವೆ ಗುಯ್ ಮರಳುತ್ತದೆ. ಪ್ಯಾರಲಲ್‌ನಲ್ಲಿ ದನಿ ತೆಳುವಾದರೂ ಗುಯ್ ಅಳಿದೇ ಇರುತ್ತದೆ. ಇದಕ್ಕೆ ಆರು ಕಾಲಿನ ಡಿಪಿಡಿಟಿ ಪುಶ್-ಪುಲ್ ಪಾಟ್ (ನಾಬ್ ಎಳೆದರೆ, ಒತ್ತಿದರೆ ಬದಲಾಗುವ ಸ್ವಿಚ್ ಇರುವ ಪಾಟ್) ಸಾಕು.

ವಚನ, ತತ್ವಪದ, ಭಜನೆಗೆ ಹಾರ್ಮೋನಿಯಂ ಜೊತೆ ನುಡಿಸುವವರು ಜೋರಿನ ಹಂಬಕರ್ ಹಾಕಿಸಲೇಬಾರದು. ಹಾರ್ಮೋನಿಯಂ ಮತ್ತು ಜೋರಿನ ಹಂಬಕರ್ ಎರಡೂ ನಡುದನಿಯನ್ನೇ ತುಂಬುತ್ತವೆ, ಹಾಡುವವರ ಮಾತು ನಡುವೆ ಮುಚ್ಚಿಹೋಗುತ್ತದೆ. ಕಡಿಮೆ ಜೋರಿನ ಅಲ್ನಿಕೋ 5 ಅನ್ನು ಪ್ಯಾರಲಲ್ ಆಗಿ ಬಳಸಿದರೆ ಗಿಟಾರ್ ಹಾರ್ಮೋನಿಯಂ ಮೇಲೆ ನಿಂತು ಕೇಳುತ್ತದೆ. ಗಜಲ್, ಕವ್ವಾಲಿಗೆ ನೆಕ್ ಪಿಕಪ್ಪಿನಲ್ಲಿ ಅಲ್ನಿಕೋ 2, ಟೋನ್ 6ರ ಹತ್ತಿರ. ಜಾಝ್ ಕಲಿಯುವವರಿಗೂ ಇದೇ. ಚರ್ಚಿನ ವಾದ್ಯತಂಡದಲ್ಲಿ ಡಿಲೇ, ರಿವರ್ಬ್ ಹೆಚ್ಚು ಬಳಸುವವರೂ 9 ಕಿಲೋ ದಾಟದಿರುವುದು ಒಳ್ಳೆಯದು, ದಪ್ಪ ದನಿ ಡಿಲೇಯಲ್ಲಿ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ.

ಹಾರ್ಡ್ ರಾಕ್‌ಗೆ ಬ್ರಿಡ್ಜಿನಲ್ಲಿ ಜೋರಿನ ಅಲ್ನಿಕೋ 5, ನೆಕ್ಕಿನಲ್ಲಿ ಅದಕ್ಕಿಂತ ಮೆತ್ತನೆಯದು. ಮೆಟಲ್‌ಗೆ, ಅದರಲ್ಲೂ ತಂತಿ ಇಳಿಸಿ ನುಡಿಸುವವರಿಗೆ ಸೆರಾಮಿಕ್. ಇಎಂಜಿ 81ರಂಥ ಆ್ಯಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್ ಆರಿಸಿದರೆ ಇಡೀ ವೈರಿಂಗ್ ಬದಲಾಗುತ್ತದೆ: 25 ಕಿಲೋ ಓಮಿನ ಪಾಟ್, ಸ್ಟೀರಿಯೋ ಜ್ಯಾಕ್, 9 ವೋಲ್ಟಿನ ಬ್ಯಾಟರಿ, ತಂತಿಗೆ ಗ್ರೌಂಡ್ ವೈರ್ ಹಚ್ಚುವುದಿಲ್ಲ. ಆ್ಯಕ್ಟಿವ್ ಪಿಕಪ್ಪಿಗೆ 500 ಕಿಲೋ ಪಾಟ್ ಉಳಿಸಿದರೆ ವಾಲ್ಯೂಮ್ ಬರೀ ಆನ್-ಆಫ್ ಸ್ವಿಚ್ಚಿನಂತಾಗುತ್ತದೆ; ಸಾದಾ ಪಿಕಪ್ಪಿಗೆ 25 ಕಿಲೋ ಪಾಟ್ ಇದ್ದರೆ ದನಿ ಪೂರಾ ಮುಚ್ಚಿಹೋಗುತ್ತದೆ. ಆ್ಯಕ್ಟಿವ್ ಗಿಟಾರಿನಲ್ಲಿ ದನಿ ಒಡೆದು ತೊದಲಿದರೆ ಬ್ಯಾಟರಿ ಅಳೆಯಿರಿ, 8 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸಿ. ಕೇಬಲ್ ಹಾಕಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ.

ಕೊಳ್ಳುವ ಮೊದಲು ಬ್ರಿಡ್ಜ್ ಪಿಕಪ್ಪಿನ ಮೇಲೆ ಒಂದನೇ ಮತ್ತು ಆರನೇ ತಂತಿಯ ನಡುವಿನ ಅಂತರ ಅಳೆಯಿರಿ. 50 ಮಿ.ಮೀ. ಹತ್ತಿರವಿದ್ದರೆ ಸಾದಾ ಅಳತೆ, 52–53 ಇದ್ದರೆ ಅಗಲದ್ದು. ತಂತಿ ಪೋಲಿನಿಂದ ಮಿಲಿಮೀಟರ್ ಅತ್ತಿತ್ತ ಸರಿದರೆ ಕಿವಿಗೆ ಫರಕ್ ಕಡಿಮೆ, ಆದರೆ ಎರಡೂ ಒಂದೇ ಬೆಲೆಗೆ ಸಿಗುವಾಗ ಸರಿಯಾದದ್ದನ್ನೇ ತರಿಸಿ.

ಹಳೆಯದನ್ನು ಬಿಚ್ಚುವ ಮುನ್ನ ವೈರಿಂಗಿನ ಫೋಟೋ ತೆಗೆದಿಡಿ, ಹಳೆಯ ಪಿಕಪ್ಪಿನ ಓದನ್ನೂ ಬರೆದಿಡಿ. ಹೊಸದರ ವೈರ್ ಉದ್ದವಾಯಿತೆಂದು ಕತ್ತರಿಸಬೇಡಿ, ಗುಂಡಿಯಲ್ಲಿ ಸುತ್ತಿಡಿ. ಮುಂದೆ ಇನ್ನೊಂದು ಗಿಟಾರಿಗೆ ಹಾಕುವಾಗ ಆ ಉದ್ದ ಬೇಕಾಗುತ್ತದೆ. ಮುಚ್ಚಳದ ಸ್ಕ್ರೂ ಬಿಗಿಯುವ ಮೊದಲು ಕೇಬಲ್ ಹಾಕಿ ಮೂರೂ ಸ್ಥಾನದಲ್ಲಿ ಮೀಟರ್ ಹಿಡಿಯಿರಿ, ಸ್ಕ್ರೂಡ್ರೈವರ್ ಎತ್ತುವ ಪರೀಕ್ಷೆ ಮಾಡಿ, ಒಂದೊಂದು ಜಾಯಿಂಟನ್ನೂ ಮೆಲ್ಲಗೆ ಎಳೆದು ನೋಡಿ. ಎರಡು ಕಾಯಿಲಿನ ನಡುವಿನ ಜಾಯಿಂಟಿನ ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಇರಲಿ. ಇಲ್ಲಿನ ಬೇಸಿಗೆಗೆ ಸಾದಾ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಆ ಜಾಯಿಂಟ್ ಶೀಲ್ಡಿಂಗ್ ಹಾಳೆಗೆ ತಾಗಿದ ದಿನವೇ ಓದು 8ರಿಂದ 4ಕ್ಕೆ ಇಳಿಯುತ್ತದೆ.